ಅಂದಾಜು ಪಟ್ಟಿ

ಉಮ್ ಅಲ್ ಕುವೈನಿನ ಹಳೆ ಗ್ಯಾರೇಜು ಬೀದಿ.
ಬೆಳಿಗ್ಗೆ ಹತ್ತಕ್ಕೇ ತಗಡಿನ ಮಾಡು ಟಕಟಕ ಹಿಗ್ಗುತ್ತದೆ.
ಮೇಜಿನ ಮೇಲೆ ಬಿಲ್ ಪುಸ್ತಕ, ಕಾರ್ಬನ್ನಿನ ನೀಲಿ ನನ್ನ ಬೆರಳಿಗೆ,
ಎದುರಿಗೆ ಖಲ್ಫಾನ್ ಸಾಹೇಬರು,
ಮೂವತ್ತು ವರ್ಷ ಟಗ್ ದೋಣಿಯ ಕಪ್ತಾನರು.
ಈಗ ಚಕ್ರದ ಮೇಲೊಂದು ಮನೆ ಕೊಂಡಿದ್ದಾರೆ:
ಒಲೆ, ಹಾಸಿಗೆ, ಕಕ್ಕಸು, ಕಿಟಕಿಗೆ ಲೇಸಿನ ಪರದೆ.
ಅದರ ಬೆನ್ನಿಗೆ ಹೆಂಡತಿಯ ಪುಟ್ಟ ಜೀಪು ಕಟ್ಟಬೇಕು,
ಸಲಾಲಾದ ತನಕ. ಅಲ್ಲೀಗ ತುಂತುರಂತೆ.
ಗುಡ್ಡದ ಓಣಿಗೆ ಈ ಆನೆ ಹತ್ತುವುದಿಲ್ಲ.

ಹಗ್ಗ ಬಿಗಿದರೆ ಸಾಲದೇ, ಅಂದರು
ಅರ್ಧ ಹಿಂದಿ ಅರ್ಧ ಅರಬಿಯಲ್ಲಿ.
ಎಣ್ಣೆ ಹಡಗನ್ನೇ ಎಳೆದವನು ನಾನು, ಕಾರೇನು ಮಹಾ?

ಸಾಲದು. ಬರೆಯುತ್ತ ಹೋದೆ.
ಮೂತಿಯೊಳಗೆ ಕೂರುವ ಬೇಸ್ ಪ್ಲೇಟು, ಎರಡು ಸಾವಿರದ ಮುನ್ನೂರು.
ಬಂಪರ್ ಬಿಚ್ಚದೆ ಅದು ಕೂರುವುದಿಲ್ಲ,
ಬಿಚ್ಚಿ ಹಾಕಿದ ಬಂಪರು ಮೊದಲಿನ ಹಾಗೆ ನಗುವುದಿಲ್ಲ,
ಅದಕ್ಕೆ ಬೆಲೆ ಹಾಕಿಲ್ಲ.
ಟೋ ಬಾರು, ನಾಲ್ಕು ಸಾವಿರದ ನೂರು.
ಮುಂದಿನವರು ಬ್ರೇಕ್ ಒತ್ತಿದರೆ
ಹಿಂದೆ ಖಾಲಿ ಸೀಟಿನ ಮುಂದೆ ತಾನೂ ಒತ್ತುವ
ಕಾಲಿಲ್ಲದ ಪೆಟ್ಟಿಗೆ, ಐದು ಸಾವಿರದ ಇನ್ನೂರು.
ದೊಡ್ಡ ಗಾಡಿಯ ಮನಸ್ಸನ್ನು
ಚಿಕ್ಕದರ ಕೆಂಪು ದೀಪಕ್ಕೆ ಮುಟ್ಟಿಸುವ ತಂತಿ, ಆರುನೂರ ಐವತ್ತು.
ಹಡಗಿನ ಬಾಡಿಗೆ, ಸುಂಕ, ಸಾವಿರದ ನೂರ ಅರವತ್ತು.
ಎರಡು ದಿನದ ಕೂಲಿ ಒಂಬೈನೂರು
(ಇದರಲ್ಲಿ ಹಮ್ಮಬ್ಬನ ಕೈಗೆಷ್ಟು, ಪಟ್ಟಿ ಹೇಳುವುದಿಲ್ಲ).
ಕೊನೆಗೆ ತೆಳ್ಳನೆಯ ಒಂದು ಉಕ್ಕಿನ ಎಳೆ,
ತುದಿಗೊಂದು ಪಿನ್ನು, ನೂರ ನಲವತ್ತು.

ಒಟ್ಟು ಹದಿನಾಲ್ಕು ಸಾವಿರದ ನಾನೂರ ಐವತ್ತು ದಿರ್ಹಮ್.
ಜೀಪು ಕೊಂಡದ್ದೇ ಹನ್ನೊಂದಕ್ಕೆ!
ಮೂಗಿಗಿಂತ ಮೂಗುತಿ ಭಾರ. ನಾನು ಬಾಯಿ ಬಿಡಲಿಲ್ಲ.
ಸಾಹೇಬರು ಕನ್ನಡಕ ಏರಿಸಿ ಇಳಿಸಿ,
ಸಾವಿರಗಳನ್ನೆಲ್ಲ ಬಿಟ್ಟು
ಆ ನೂರ ನಲವತ್ತರ ಮೇಲೆ ಬೆರಳಿಟ್ಟರು:
ಇದನ್ನು ಹೊಡೆದು ಹಾಕು.

ಜೀಪಿನಡಿಯಿಂದ ಹಮ್ಮಬ್ಬ ತೆವಳಿ ಬಂದ,
ಗಡ್ಡಕ್ಕೆ ಗ್ರೀಸು.
"ಅದಿಲ್ಲದೆ ನಾನು ಬೋಲ್ಟು ತಿರುಗಿಸೂದಿಲ್ಲ ಬಾಯಮ್ಮ, ಹೇಳಿ ಅವರಿಗೆ.
ಸಮುದ್ರದಲ್ಲಿ ಹಗ್ಗ ಕಡಿದರೆ ಹಡಗು ತೇಲ್ತದೆ.
ರಸ್ತೆಯಲ್ಲಿ ಹಿಂದೆ ಜನ ಇರ್ತಾರೆ."

ಅಷ್ಟರಲ್ಲಿ ಮನೆಯಿಂದ, ಅಂದರೆ ಆ ಗಾಡಿಯಿಂದ,
ಶಮ್ಸಾ ಇಳಿದು ಬಂದರು, ಮೂರು ಮೆಟ್ಟಿಲು,
ಮೊಣಕಾಲು ಹಿಡಿದು ಒಂದೊಂದಾಗಿ.
ಹಿಂದಿನ ವರ್ಷದವರೆಗೂ ಗಂಡನ ಹಿಂದೆ
ತಾವೇ ಓಡಿಸಿಕೊಂಡು ಹೋದವರು.
ಈಗ ರಾತ್ರಿ ಎದುರಿನ ದೀಪ ಎರಡೆರಡು ಕಾಣುತ್ತದೆ.
ಹಗಲಿಗೆ ಮಾತ್ರ ಸ್ಟೇರಿಂಗು ತನ್ನದೇ ಆಗಬೇಕು, ಹೊಳೆಯ ಒಣ ಪಾತ್ರದಲ್ಲಿ.

ಈ ಎಳೆ ಏನು ಮಾಡುತ್ತೆ? ಕೇಳಿದರು.
ಹೇಳಿದೆ: ಉಳಿದದ್ದೆಲ್ಲ ಮುರಿದು
ಎರಡು ಗಾಡಿ ಬೇರೆಯಾದರೆ
ಈ ಪಿನ್ನು ಕಿತ್ತು ಬರುತ್ತದೆ,
ನಿಮ್ಮದು ತನ್ನಷ್ಟಕ್ಕೆ ತಾನು ನಿಲ್ಲುತ್ತದೆ.
ಯಾರೂ ಹೇಳದೆ?
ಯಾರೂ ಹೇಳದೆ.

ಕೈಚೀಲ ತೆರೆದರು. ನೂರರದೊಂದು, ಐವತ್ತರದೊಂದು.
ಇದಕ್ಕೆ ಬೇರೆ ರಶೀದಿ, ನನ್ನ ಹೆಸರಲ್ಲಿ.
ಸಾಹೇಬರು ಬಂದರಿನ ಕಡೆ ನೋಡುತ್ತ ನಿಂತರು,
ಇಲ್ಲಿಂದ ಬಂದರು ಕಾಣುವುದಿಲ್ಲ.
ಆಕೆಗೆ ಇನ್ನೊಂದು ಪ್ರಶ್ನೆ ಇತ್ತು:
ಎಳೆದುಕೊಂಡು ಹೋದ ದೂರವನ್ನು ನನ್ನ ಮೀಟರು ಎಣಿಸುತ್ತದಾ?
ಇಲ್ಲ, ಅಂದ ಹಮ್ಮಬ್ಬ, ಈ ಜೀಪಿನಲ್ಲಿ ಇಲ್ಲ.
ಸಾವಿರ ಕಿಲೋಮೀಟರು, ಟಯರಿಗೆ ಗೊತ್ತು, ಮೀಟರಿಗಿಲ್ಲ.
ಅವರು ಎಷ್ಟು ನಕ್ಕರೆಂದರೆ
ಪಕ್ಕದ ಶೆಡ್ಡಿನ ಹುಡುಗ ಗ್ರೈಂಡರ್ ನಿಲ್ಲಿಸಿ ನೋಡಿದ.

ಗುರುವಾರ ನಸುಕಿಗೆ ಹೊರಟರು.
ಮೂಲೆಯ ತಿರುವಿನಲ್ಲಿ ಆನೆ ಮೊದಲು, ಮರಿ ಆಮೇಲೆ,
ಸ್ವಲ್ಪ ಒಳಗೆ ಕತ್ತರಿಸಿ, ಫುಟ್‌ಪಾತಿನ ಅಂಚು ಸವರಿಕೊಂಡು.
ಹಮ್ಮಬ್ಬ ತಲೆ ಅಲ್ಲಾಡಿಸಿದ, ಯಾವ ಅರ್ಥದಲ್ಲೋ.

ಚಿಲ್ಲರೆ ಹತ್ತು ದಿರ್ಹಮ್ ಕೊಡುವುದು ಮರೆತಿದ್ದೆ.
ರಶೀದಿಯ ನಕಲಿಗೆ ಪಿನ್ನು ಚುಚ್ಚಿ
ಗಲ್ಲಾದಲ್ಲಿ ಇಟ್ಟಿದ್ದೇನೆ.
ಸೆಪ್ಟೆಂಬರ್ ಮುಗಿಯುತ್ತ ಬಂತು,
ಪ್ರತಿ ಸಂಜೆ ಲೆಕ್ಕದಲ್ಲಿ
ಹತ್ತು ಹೆಚ್ಚು ಬರುತ್ತದೆ.