ಮುರಿಯೋ ಮಷಿನ್

ಉದ್ಯಮಬಾಗದ ಮೂರನೇ ಗಲ್ಲಿಯೊಳಗ ನನ್ನ ಲೇಥು.
ಪಂಪಿನ ಶಾಫ್ಟು, ಗಾಣದ ಬುಷ್ಷು,
ಒಮ್ಮೊಮ್ಮೆ ಸಕ್ಕರಿ ಫ್ಯಾಕ್ಟರಿಯ ಹಲ್ಲಿನ ಗಾಲಿ.
ಅಂಥಾ ಕಡೆ ಒಂದಿನ ಮಧ್ಯಾಹ್ನ
ಡಾಕ್ಟರ್ ಇಂದುಮತಿ ಹಂಜಿ ಸ್ಕೂಟಿ ನಿಲ್ಲಿಸಿ
ಟಿಫಿನ್ ಡಬ್ಬಿ ತಗದ್ರು.
ಒಳಗ ಐಸಿನಾಗ ಕುರಿಯ ಬೆನ್ನೆಲುಬು, ಐದು ಮಣಿ.
ಕಸಾಯಿ ದಸ್ತಗೀರನ ಕಡೆಯಿಂದ ತಂದದ್ದು.
'ಸೂಪಿಗೇನ್ರಿ ಅಕ್ಕಾರ?' ಅಂತ ಅವ ಕೇಳಿದ್ನಂತ.
'ಅಲ್ಲಪಾ, ಮುರಿಯಾಕ.'

ನನಗೂ ಅದನ್ನ ಹೇಳಿದ್ರು:
ಮಿಸ್ತ್ರಿ, ಇದನ್ನ ಮುರಿಯೋ ಮಷಿನ್ ಬೇಕು.
ಹೆಂಗ ಬೇಕ ಹಂಗ ಮುರಿಯೂದಲ್ಲ, ಅಳತಿ ಇಟ್ಟು.
ಮುಂದಕ ಬಾಗಿಸಿ, ಹಿಂದಕ ಬಾಗಿಸಿ, ತಿರುವಿ,
ಎಷ್ಟು ಭಾರಕ್ಕ ಎಷ್ಟು ಕೂದಲೆಳಿ ಸರೀತು
ಅಂತ ಬರದಿಡೂ ಹಂಗ.

ಮೂವತ್ತೆರಡು ವರ್ಷ ನಾ ಗಟ್ಟಿ ಇರೂದನ್ನ ಮಾಡಿದಾಂವ.
ಮುರದದ್ದು ನನ್ನ ಅಂಗಡಿಗೆ ದಿನಾ ಬರತೈತಿ.
ಮುರಿಯಾಕಂತನ ಮಾಡಿದ್ದು ಇದ ಮೊದಲು.
ಎರಡು ಹಲಗಿ, ನಾಕು ಕಂಬ, ಒಂದು ಸ್ಕ್ರೂ ಜ್ಯಾಕು.
ಡಯಲ್ ಗೇಜು ನನಗ ಕೆಲಸ ಕಲಿಸಿದ ನಾರೂ ಮಿಸ್ತ್ರಿದು,
ಸಾಯೂ ಮುಂದ ಕೊಟ್ಟಿದ್ದು,
ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಐತವಾರಕ್ಕೊಮ್ಮೆ ಬರತಿದ್ರು.
ನಡುವಿನ ಮಣಿ ಒಡದು ತೋರಿಸಿದ್ರು:
ಮ್ಯಾಲಿಂದ ಬಿದ್ದವರದು ಹಿಂಗ ಒಡೀತೈತಿ,
ತೆಂಗಿನಕಾಯಿಯಂಗ ಎರಡು ಹೋಳಲ್ಲ,
ಸುಣ್ಣದ ಹಳ್ಳಿನಂಗ, ಎಲ್ಲಾ ದಿಕ್ಕಿಗೂ ಒಮ್ಮೆಗೇ.
ಮ್ಯಾಲಿನ ಮಣಿಗೆ ಎರಡು ಸ್ಕ್ರೂ, ಕೆಳಗಿನದಕ್ಕ ಎರಡು,
ಆಕಡೆ ಈಕಡೆ ಸರಳು.
ಒಡದದ್ದಕ್ಕ ಏನೂ ಹಾಕಬ್ಯಾಡ, ಬಿಟ್ಟಬಿಡು
ಅಂತ ಅವರ ದೊಡ್ಡವರು ಹೇಳ್ಯಾರಂತ.
'ನನಗ್ಯಾಕೋ ಮಿಸ್ತ್ರಿ,
ಒಡದದ್ದಕ್ಕೂ ಒಂದೀಟು ಕೆಲಸ ಕೊಡಬೇಕು ಅನಸ್ತೈತಿ.'
ಅಂದು, ಅದರಾಗೂ ಎರಡು ಗಿಡ್ಡ ಸ್ಕ್ರೂ ತಿರುವಿದ್ರು.
ಕೈ ನಡುಗಲಿಲ್ಲ. ನಾ ಅದನ್ನ ಮೊದಲು ನೋಡತೀನಿ,
ಯಾವ ಹುಡುಗನ್ನ ಕೆಲಸಕ್ಕ ಇಟಗೊಂಡ್ರೂ.

ಹನ್ನೊಂದನೇ ಬೆನ್ನು ಕಿತ್ತು ಬಂತು.
ಹಸೀ ಕಟ್ಟಿಗ್ಯಾಗಿಂದ ಮೊಳಿ ಎಳದ ಸಪ್ಪಳ.
ಇಬ್ಬರೂ ಮಾತಾಡಲಿಲ್ಲ.
ಅದನ್ನೂ ಬರದ್ರು, ಅದ ನೀಲಿ ಪೆನ್ನಿಲೆ,
ಅದ ಸಾಲಿನಾಗ, ಹತ್ತನೇದರ ಕೆಳಗ.
ಮನಿಗೆ ಹೋದ್ರ ಹೆಂಡತಿ ಮೂಗು ಮುಚ್ಚಿಕೊಂಡ್ಲು:
'ಏನ್ ಕುರಿ ಕಡದ ಬಂದಿಯೇನ?'
ನಲವತ್ತಾರು ಆದ್ವು. ಇಪ್ಪತ್ಮೂರು ಹಂಗ, ಇಪ್ಪತ್ಮೂರು ಹಿಂಗ.
ಗೇಜಿನ ಮುಳ್ಳು ಯಾರ ಕಡೆ ಐತಿ ಅಂತ
ನನಗ ಅವರಿಗಿಂತ ಮೊದಲ ಗೊತ್ತಾಗಿತ್ತು.
ಹೇಳಲಿಲ್ಲ. ಲೆಕ್ಕ ಅವರದು.

ಮುಂದ ಎರಡು ವರ್ಷಕ್ಕ, ಶ್ರಾವಣದಾಗ,
ಖಾನಾಪುರ ರೋಡಿನ ಕಂಬದಿಂದ
ಲೈನ್‌ಮನ್ ಬರಮಪ್ಪ ಗಸ್ತಿ ಬಿದ್ದ.
ನಮ್ಮ ಶೆಡ್ಡಿಗೆ ಫ್ಯೂಜು ಕಟ್ಟತಿದ್ದಾಂವ,
ಚಾ ಕುಡದ ಹೋಗು ಅಂದ್ರ ಕಂಬದ ಮ್ಯಾಲಿಂದನ ಇಲ್ಲಂತಿದ್ದ.
ಸ್ಕ್ರೂ ನಾ ಮಾಡಿದ್ದಲ್ಲ, ತಪ್ಪು ತಿಳೀಬ್ಯಾಡ್ರಿ.
ಅವು ಪಾಕೀಟಿನಾಗ ಸೀಲ್ ಆಗಿ ದೂರದಿಂದ ಬರತಾವು.
ನಾ ಮಾಡಿದ್ದು ಮುರಿಯೋ ಮಷಿನ್ ಅಷ್ಟ.
ಆದರೂ ಆರು ತಾಸು ಆಪರೇಷನ್ ಥೇಟರಿನ ಹೊರಗ ಕೂತಿದ್ದೆ,
ಅವನ ತಮ್ಮನ ಬಾಜೂಕ.

'ಅಡ್ಡಾಡತಾನೇನ್ರಿ?' ಅಂತ ಕೇಳಿದೆ.
ಡಾಕ್ಟರು ಮಾಸ್ಕ್ ಇಳಿಸಿ ಗ್ವಾಡಿಗೆ ಆತುಕೊಂಡ್ರು.
'ಎಲುಬು ಹಿಡದೀನಿ ಮಿಸ್ತ್ರಿ.
ನರಕ್ಕ ನನ್ನ ಕಡೆ ಸ್ಕ್ರೂ ಇಲ್ಲ.'

ಐದನೇ ದಿನ ಅವನ್ನ ಕೂಡಿಸಿದ್ರು.
ಇಬ್ಬರು ಹಿಡದ್ರು, ಆಮ್ಯಾಲ ಒಬ್ಬಾಕಿ, ಆಮ್ಯಾಲ ಯಾರೂ ಇಲ್ಲ.
ಕಾಲು ಕಾಟಿನಿಂದ ಜೋತು ಬಿದ್ದಿದ್ವು, ಬ್ಯಾರೇದವರವು ಇದ್ದಂಗ.
ನಾ ಅವನ ಬೆನ್ನ ನೋಡಾಕತ್ತಿದ್ದೆ,
ಮುಳ್ಳು ನೋಡೂ ಹಂಗ, ಉಸರು ಹಿಡದು.
ಮುಳ್ಳು ಸರೀಲಿಲ್ಲ.

ಅವ ಮಾತ್ರ ಮ್ಯಾಲ ನೋಡಾಕತ್ತಿದ್ದ.
ಫ್ಯಾನು ಕಿರ್ ಅಂತ ತಿರಗತಿತ್ತು.
'ಬೇರಿಂಗ್ ಹೋಗೇತಿ ಅದು' ಅಂದ.
ಯಾರೂ ಏನೂ ಅನಲಿಲ್ಲ.
'ಅಲ್ಲೋ ಮಿಸ್ತ್ರಿ, ನಿನಗ ಕೇಳಸೂದಿಲ್ಲೇನ?
ಇಳಿಸಿ ಕೊಡು ಇಲ್ಲೆ,
ನನ್ನ ತೊಡಿಮ್ಯಾಲ.'