ಖಾಲಿ ಬಿಡುವಂತಿಲ್ಲ

ಸೊಲ್ಲಾಪುರ, ವಿಡಿ ಘರಕುಲದ ಎರಡನೇ ಗಲ್ಲಿ, ಪತ್ರಾದ ಶೆಡ್ಡು.
ಕೌಂಟರಿನ ಹಿಂದ ಒಂದು ಹಳೇ ಕಂಪ್ಯೂಟರ್,
ಕೀಬೋರ್ಡಿನ ಸಂದಿನ್ಯಾಗ ತಂಬಾಕಿನ ಪುಡಿ.
ಮ್ಹೇತ್ರೆ ಮಾಸ್ತರ ಸೀನಿದರ ಸ್ಪೇಸ್‌ಬಾರ್ ಅಂಟತದ.

ನನಗ ಹೇಳಿದ್ದು ಸಣ್ಣ ಕೆಲಸ:
ಜಾಂಗೋ ತಾನಾಗಿ ಕೊಡೋ ಅಡ್ಮಿನ್ ಪುಟ
ಮಾಸ್ತರಗ ಒಗ್ಗೂ ಹಂಗ ಮಾಡು.
ಮಾಡಿದೆ. ಪಟ್ಟಿಯೊಳಗ
ಆಬ್ಜೆಕ್ಟ್ ಒಂದು, ಆಬ್ಜೆಕ್ಟ್ ಎರಡು ಅಂತಿದ್ದವರು
ಹಸೀನಾ ಬಾಗವಾನ, ಯಲ್ಲುಬಾಯಿ ಗುಂಡ್ಲಾ ಆದರು.
ಎರಡು ಸಾಲಿನ ಕೋಡು, ಅಷ್ಟ.
ಅಳಿಸೋ ಗುಂಡಿ ಕಿತ್ತು ಒಗದೆ.
ಅವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮ್ಯಾಲ ಫಾರ್ಮು.
ತಂದದ್ದು ಸಾವಿರ. ಪಾಸು ಎಂಟುನೂರಾ ನಲವತ್ತು.
ಛಾಟ ನೂರಾ ಅರವತ್ತು.
ಲೆಕ್ಕ ಕೂಡಲಿಲ್ಲಾಂದ್ರ ಸೇವ್ ಆಗಬಾರದು ಅಂತ
ಕ್ಲೀನ್ ಅನ್ನೋ ಫಂಕ್ಷನ್ನಿನ್ಯಾಗ ಬರೀಲಿಕ್ಕತ್ತಿದ್ದೆ.
ಕೌಂಟರಿನ ಆಕಡೆ ಮಾಸ್ತರ ಒಂದು ಕಟ್ಟು ಬಿಚ್ಚಿ
ಎರಡು ಬೆರಳಿಲೆ ಒತ್ತಿ ನೋಡಿ ಬುಟ್ಟಿಗಿ ಒಗದ.
ಯಲ್ಲುಬಾಯಿ ಏನೂ ಕೇಳಲಿಲ್ಲ.
ಬುಟ್ಟಿಗೂ ಕೇಳೋ ರೂಢಿ ಇಲ್ಲ.

ನಾ ಒಂದು ಕಾಲಂ ಕೂಡಿಸಿದೆ: ಯಾಕ?
ಛಾಟ ಸೊನ್ನಿಗಿಂತ ಹೆಚ್ಚಿದ್ದರ ಇದನ್ನ ಖಾಲಿ ಬಿಡುವಂತಿಲ್ಲ.
ಬಿಟ್ಟರ ಕೆಂಪಕ್ಷರ: ಕಾರಣ ಬರೀರಿ ಮಾಸ್ತರ.
ನನ್ನ ಮನಸ್ಸಿನ್ಯಾಗ ಏಕವಚನ ಇದ್ದರೂ
ಯಂತ್ರದ ಬಾಯಾಗ 'ರೀ' ಇಟ್ಟೆ.

ಮೊದಲನೇ ದಿನ ಅವ ಒಂದು ಚುಕ್ಕಿ ಇಟ್ಟ.
ಚುಕ್ಕಿ ನಡಿಯಂಗಿಲ್ಲ ಅಂತ ಬರದೆ.
ಮರುದಿನ ಹತ್ತು ಚುಕ್ಕಿ.
ಬುಧವಾರ ಪೂರ್ತಿ 'ಸರಿ ಇಲ್ಲ', 'ಸರಿ ಇಲ್ಲ'.
ಬರಿಯೋದ ಬ್ಯಾಡ, ಆರಿಸ್ರಿ ಅಂತ ಪಟ್ಟಿ ಕೊಟ್ಟೆ:
ದಾರ ಸಡ್ಲ. ತುದಿ ಒಡದದ. ಗಿಡ್ಡ. ಎಲಿ ಕೆಟ್ಟದ.
ಬೈದ. ಬೈಕೋತ ಆರಿಸಿದ.

ತಿಂಗಳ ಕಡೀಗಿ ಬಲಗಡೆ ಫಿಲ್ಟರ್ ಒತ್ತಿದೆ.
ದಾರ ಹನ್ನೊಂದು. ಗಿಡ್ಡ ನಾಕು.
ಎಲಿ ಕೆಟ್ಟದ: ಮುನ್ನೂರಾ ಎಂಬತ್ತಾರು.

ಎಲಿ ಯಲ್ಲುಬಾಯಿ ತರಂಗಿಲ್ಲ.
ಎಲಿ ಇದೇ ಕೌಂಟರಿನಿಂದ ಹೋಗತದ,
ತೂಕ ಹಾಕಿ, ಹಸಿ ಗೋಣಿಯೊಳಗ,
ಇದೇ ಮಾಸ್ತರನ ಕೈಲೆ.

ಪರದೆ ಹೊರಳಿಸಿ ತೋರಿಸಿದೆ.
ಚಸ್ಮಾ ತಗದ, ಒರಿಸಿದ, ಮತ್ತ ಹಾಕ್ಕೊಂಡ.
"ಇದು ಶೇಠಗ ಕಾಣತದೇನು?"
"ಲಾಗಿನ್ ಇದ್ದವರಿಗೆ ಕಾಣತದ್ರಿ."
"ಹಸೀನಾಗ?"
ಆಕಿಗಿ ಲಾಗಿನ್ ಇಲ್ಲ.
ಕೊಡಲಿಕ್ಕೆ ಒಂದು ಟಿಕ್ಕು ಸಾಕು; ಇನ್ನೂ ಒತ್ತಿಲ್ಲ.

ಈಗ ಮಾಡೆಲ್ ಫೈಲ್ ತಗದು ಕುಂತೀನಿ.
ಹೊಸ ಕಾಲಂ: ಎಲಿ ಕೊಟ್ಟವರು ಯಾರು.
ಇದನ್ನ ಖಾಲಿ ಬಿಡಬಹುದೋ, ಬಿಡಬಾರದೋ,
ಆ ಒಂದು ಶಬ್ದದ ಮುಂದ ಕರ್ಸರ್ ಮಿಣುಕತದ.
ಕೌಂಟರಿನ ಆಕಡೆ ಯಲ್ಲುಬಾಯಿ
ಇವತ್ತಿನ ಸಾವಿರ ಹಿಡಕೊಂಡು ನಿಂತಾಳ.