ಆಕ್ಷೇಪಣೆಯಿಲ್ಲ

ಟೈಪಿಂಗ್ ಸೆಂಟರು ಮುಚ್ಚುವ ದಿನ ಅಬು ಮಿಶಾಲ್
ಕುರ್ಚಿ, ಜೆರಾಕ್ಸು, ಪ್ರಿಂಟರು ಎಲ್ಲ ಮಾರಿ
ನನ್ನ ಕಂಪ್ಯೂಟರಿನ ನೆತ್ತಿ ತಟ್ಟಿ ಅಂದ:
ಇದು ನಿನಗೆ. ಹನ್ನೊಂದು ವರ್ಷ ಕುಟ್ಟಿದ್ದೀಯಲ್ಲ.

ಫಹಾಹೀಲಿನ ನಾಲ್ಕನೇ ಮಹಡಿಗೆ
ಅಕ್ಕಿಮೂಟೆಯ ಹಾಗೆ ಹೊತ್ತು ತಂದೆ.
ಹಳೆಯ ವಿಂಡೋಸು ಏಳಲಿಲ್ಲ. ಹೊಸದು ಹಾಕಿಸಿದೆ, ಐದು ದಿನಾರು.
ಡಿ ಡ್ರೈವು ಹಾಗೇ ಇದೆ, ಮುಟ್ಟಿಲ್ಲ, ಅಂದ ರಿಪೇರಿಯವನು.

ನಾನು ಮುಟ್ಟಿದೆ.
ಹಳದಿ ಫೋಲ್ಡರು, ಹೆಸರಿಟ್ಟವಳು ನಾನೇ.
‘ಇದನ್ನು ತೆರೆಯಲು ನಿಮಗೆ ಅನುಮತಿಯಿಲ್ಲ.’

ಮೊದಲು ನಗು ಬಂತು.
ಅನುಮತಿ ಬೇಡುವುದೇ ನನ್ನ ಕಸುಬಾಗಿತ್ತು.
ಇಕಾಮಾ ನವೀಕರಣ, ಹೆಂಡತಿಗೆ ವಿಸಿಟ್ ವೀಸಾ,
ಒಬ್ಬ ಕಫೀಲನಿಂದ ಇನ್ನೊಬ್ಬ ಕಫೀಲನಿಗೆ
ದಾಟಿಸಿಕೊಡಬೇಕೆಂದು ಬಲದಿಂದ ಎಡಕ್ಕೆ
ಮಾನ್ಯರೇ, ದಯಮಾಡಿ, ಎಂದು ಅರಬಿಯಲ್ಲಿ ಕುಟ್ಟಿ
ಪುಟಕ್ಕೆ ಅರ್ಧ ದಿನಾರು.
ಈಗ ನನ್ನ ಪರವಾಗಿ ಯಾರು ಕುಟ್ಟುತ್ತಾರೆ, ಯಾರಿಗೆ?

ಮೇಲಿನ ಫ್ಲಾಟಿನ ಅಫ್ರಾ ಬಂದಳು, ಹತ್ತನೇ ಕ್ಲಾಸು,
ಕೈಗೆಲ್ಲ ಚಿಪ್ಸಿನ ಪುಡಿ.
‘ಎಂತ ಆಂಟಿ, ಅಡ್ಮಿನಿಸ್ಟ್ರೇಟರ್ ನೀವೇ. ಆದ್ರೂ ಬಿಡುದಿಲ್ಲ ಇದು.’
ದೇವರು ವರ ಕೊಟ್ಟರೂ ಪೂಜಾರಿ ಕೊಡ, ಅಂದೆ.
ಇಲ್ಲೇ ಹುಟ್ಟಿದವಳು, ಗಾದೆ ಗೊತ್ತಿಲ್ಲ,
ಪೂಜಾರಿ ಎಲ್ಲಿ ಕೂತಿದ್ದಾನೆಂದು ಗೊತ್ತು:
ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್.

ಓನರ್ ಎಂಬ ಜಾಗದಲ್ಲಿ ಮನುಷ್ಯರ ಹೆಸರಿರಲಿಲ್ಲ.
ಎಸ್, ಒಂದು, ಐದು, ಇಪ್ಪತ್ತೊಂದು, ಆಮೇಲೆ
ಸಿವಿಲ್ ಐಡಿಗಿಂತ ಉದ್ದದ ಅಂಕಿಗಳ ಬಾಲ.
ಯಾರಿದು?
‘ನೀವೇ. ಹಳೆ ವಿಂಡೋಸಿನ ನೀವು.
ಹೊಸದಕ್ಕೆ ಅವರ ಗುರ್ತ ಇಲ್ಲ.’

ಹೊರಗೆ ಧೂಳೆದ್ದು ಸಮುದ್ರ ಕಾಣುತ್ತಿರಲಿಲ್ಲ,
ರಿಫೈನರಿಯ ಬೆಂಕಿನಾಲಿಗೆ ಮಾತ್ರ ಮಂಕಾಗಿ.

‘ಚೇಂಜ್ ಒತ್ತಿ, ಹೆಸರು ಬರೀರಿ.’
ಯಾವ ಹೆಸರು? ಪಾಸ್‌ಪೋರ್ಟಿನಲ್ಲಿ ಜೆಸಿಂತಾ ಪಾಯ್ಸ್.
ಅರಬಿಗೆ ಪಕಾರವಿಲ್ಲ, ಅಲ್ಲಿ ನಾನು ಬಾಯ್ಸ್.
ನಿನಗೆ ಬಾಯಿ ಬಂದದ್ದೇ ಕುವೈತಿನಲ್ಲಿ
ಎಂದು ಗಂಡ ರೇಗಿಸುತ್ತಿದ್ದ.
ಬರೆದದ್ದು ಬರೀ ಜೆಸಿ. ಚೆಕ್ ನೇಮ್ಸ್ ಒತ್ತಿದರೆ
ಕೆಳಗೊಂದು ಗೆರೆ ಎಳೆದು ಒಪ್ಪಿತು ಯಂತ್ರ.
ಈ ಊರಿನ ಯಾವ ಕೌಂಟರಿನಲ್ಲೂ
ಇಷ್ಟು ಬೇಗ ನಾನು ನಾನಾಗಿರಲಿಲ್ಲ.

ಒಳಗಿನ ಫೋಲ್ಡರುಗಳಿಗೂ ಅನ್ವಯ, ಟಿಕ್.
ಫುಲ್ ಕಂಟ್ರೋಲ್, ಇನ್ನೊಂದು ಟಿಕ್.
‘ಸಿ ಡ್ರೈವಿನ ವಿಂಡೋಸಿಗೆ ಮಾತ್ರ ಹೀಗೆ ಮಾಡ್ಬೇಡಿ ಆಂಟಿ,
ಮತ್ತೆ ಅದು ಏಳುದೇ ಇಲ್ಲ’
ಎಂದು, ಅಮ್ಮ ಕೂಗಿದ್ದಕ್ಕೆ ಓಡಿದಳು.

ಪಟ್ಟಿ ತೆವಳಿತು. ಹೆಸರುಗಳು ಓಡಿದವು:
ಗುಲ್‌ಜಮಾನ್ ಡ್ರೈವರ್, ಸೆಲ್ವನಾಯಗಂ,
ಮಾರಿವಿಕ್ ಎರಡನೇ ಸಲ, ಭಟ್ಕಳದ ದಾಮುದಿ,
ಹೆಸರಿಲ್ಲದ ಒಂದು, ಬರೀ ‘ಅರ್ಜೆಂಟ್’.

ತೆರೆಯಿತು.
ಎಷ್ಟು ಪಾಸ್‌ಪೋರ್ಟುಗಳು!
ಅಸಲು ಯಾರದೋ ಕಪಾಟಿನಲ್ಲಿ, ನಕಲು ನನ್ನ ಮನೆಯಲ್ಲಿ.
ಕಣ್ಣು ಮುಚ್ಚದಿರೆಂದು ಫೋಟೋದವನು ಗದರಿಸಿದ ಮುಖಗಳು.
ಫುಲ್ ಕಂಟ್ರೋಲ್ ಕೊಟ್ಟದ್ದು ಯಂತ್ರ,
ಇವರಲ್ಲಿ ಒಬ್ಬರೂ ಅಲ್ಲ.
ಒಂದೊಂದೇ ಫೋಲ್ಡರು ಅಳಿಸಿದೆ.
ಖಂಡಿತವೇ? ಎಂದು ಪ್ರತಿ ಸಲ ಕೇಳಿತು,
ಪ್ರತಿ ಸಲ ಹೇಳಿದೆ. ಚಹಾ ಆರಿತು.

ತಳದಲ್ಲಿ ಉಳಿದದ್ದು ಒಂದೇ ಪುಟ, ನನ್ನದು.
‘ನಮ್ಮ ನೌಕರ ಜೆಸಿಂತಾ ಬಾಯ್ಸ್
ವಾಹನ ಪರವಾನಗಿ ಪಡೆಯಲು ನಮ್ಮ ಆಕ್ಷೇಪಣೆಯಿಲ್ಲ.’
ಕೆಳಗೆ ಮೊಹರಿಗೆ ಬಿಟ್ಟ ಬಿಳಿ ಜಾಗ.
ಅಬು ಮಿಶಾಲನ ಮೂಡು ನೋಡಿ ಕೊಡೋಣವೆಂದಿದ್ದೆ.
ಒಂದು ವಾರ. ಆಮೇಲೆ ರಂಜಾನು. ಆಮೇಲೆ ಹತ್ತು ವರ್ಷ.

ಅವಸರದಲ್ಲಿ ಯಾರದೋ ಹಳೆ ಅರ್ಜಿಯ ಮೇಲೆ ಕುಟ್ಟಿದ್ದಿರಬೇಕು,
ಅರಬಿಯಲ್ಲಿ ನಾನು ಗಂಡಸಾಗಿಯೇ ಉಳಿದಿದ್ದೆ.
ನೌಕರ ಎಂಬ ಪದದ ಬಾಲಕ್ಕೆ
ಎರಡು ಚುಕ್ಕೆಯ ಆ ಪುಟ್ಟ ಅಕ್ಷರ ಸೇರಿಸಿ
ಸೇವ್ ಒತ್ತಿದೆ.

ಏನೂ ಕೇಳಲಿಲ್ಲ. ಆಯಿತು.